ಕಿಟಕಿಗೆ ಡಬಲ್ ಗ್ಲಾಸ್ ಹಾಕಿಸ್ತೀರಾ? ಮೊದಲು ಈ ನಂಬರ್‌ಗಳನ್ನು ಓದಿ

ಬಳ್ಳಾರಿಯಲ್ಲಿ ನಮ್ಮ ಅಕ್ಕನ ಮನೆ. ಹಾಲ್‌ನ ದೊಡ್ಡ ಕಿಟಕಿ ಇರೋದು ಪಶ್ಚಿಮಕ್ಕೆ. ಮಧ್ಯಾಹ್ನ ಮೂರು ಗಂಟೆ ಆಯಿತೆಂದರೆ ಬಿಸಿಲು ಸೀದಾ ಬಂದು ಸೋಫಾದ ಮೇಲೆ ಕೂರುತ್ತದೆ. ಹೋದ ವರ್ಷ ಹಳೇ ಕಿಟಕಿ ತೆಗೆಸುವಾಗ ಅಂಗಡಿಯವರು "ಡಬಲ್ ಗ್ಲಾಸ್ ಹಾಕ್ಸಿಬಿಡ್ರಿ ಮೇಡಂ, ಸೆಕೆ ಒಳಗೆ ಬರೋದೇ ಇಲ್ಲ" ಎಂದರು. ಅಕ್ಕ ಹಾಕಿಸಿದಳು. ದುಡ್ಡೂ ಜಾಸ್ತಿಯೇ ಆಯಿತು. ಏಪ್ರಿಲ್ ಬಂತು. ಒಳಗಿನ ಗಾಜಿನ ಮೇಲೆ ಕೈ ಇಟ್ಟರೆ ಮೊದಲಿನಷ್ಟು ಬಿಸಿ ಇರಲಿಲ್ಲ, ಅದು ನಿಜ. ಆದರೆ ಸೋಫಾ ಮೊದಲಿನ ಹಾಗೇ ಕಾದಿತ್ತು, ಎಸಿ ಮೊದಲಿನ ಹಾಗೇ ಓಡುತ್ತಿತ್ತು.

ಗಾಜು ಕೆಟ್ಟದ್ದೇನಲ್ಲ. ಡಬಲ್ ಗ್ಲಾಸ್ ಅಂದರೆ ನಡುವೆ ಗ್ಯಾಪ್ ಬಿಟ್ಟು ಜೋಡಿಸಿದ ಎರಡು ಗಾಜು. ಇಲ್ಲಿ ಎರಡೂ ಕಡೆ ಸಾದಾ ಕ್ಲಿಯರ್ ಗ್ಲಾಸ್ ಇತ್ತು, ಅಷ್ಟೇ. ಅದು ತಡೆಯೋದೇ ಬೇರೆ ಶಾಖ, ಅಕ್ಕನ ಹಾಲ್‌ಗೆ ಬರುತ್ತಿದ್ದದ್ದೇ ಬೇರೆ ಶಾಖ. ಕೊಳ್ಳುವ ಮೊದಲು ಮೂರು ನಂಬರ್ ಕೇಳಿದ್ದರೆ ಇದು ಅಲ್ಲೇ ಗೊತ್ತಾಗುತ್ತಿತ್ತು. ಮನೆ ಕಟ್ಟಿಸುವವರು, ಕಿಟಕಿ ಬದಲಿಸುವವರು ಆ ನಂಬರ್‌ಗಳನ್ನು ಓದುವುದು ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲು ಕಿಟಕಿ ಯಾವ ಕಡೆಗಿದೆ ನೋಡಿ

ಅಂಗಡಿಗೆ ಹೋಗುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ಪ್ರತಿ ಕಿಟಕಿಯ ಅಳತೆ, ದಿಕ್ಕು, ಮೇಲೆ ಸಜ್ಜಾ ಇದೆಯೋ ಇಲ್ಲವೋ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ನೇರ ಬಿಸಿಲು ಬೀಳುತ್ತದೆ ಎನ್ನುವುದನ್ನು ಬರೆದುಕೊಳ್ಳಿ. ಇಷ್ಟನ್ನು ಯಾವ ಅಂಗಡಿಯವರೂ ನಿಮಗೋಸ್ಕರ ಮಾಡಿಕೊಡುವುದಿಲ್ಲ.

ನಮ್ಮ ರಾಜ್ಯದಲ್ಲಿ ಬೇಸಿಗೆಯ ಸೂರ್ಯ ನಡುಹಗಲಲ್ಲಿ ನೆತ್ತಿಯ ಮೇಲೇ ಇರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ನೆಟ್ಟಗೆ ನಿಂತ ಕಂಬದ ನೆರಳು ಮಧ್ಯಾಹ್ನ ಅದರ ಬುಡದಲ್ಲೇ ಮಾಯವಾಗುತ್ತದೆ, ಶೂನ್ಯ ನೆರಳಿನ ದಿನ ಅಂತ ಮಕ್ಕಳಿಗೆ ತೋರಿಸುತ್ತಾರಲ್ಲ, ಅದು. ಆ ಹೊತ್ತಿಗೆ ಬಿಸಿಲೆಲ್ಲ ತಾರಸಿ ಮೇಲೆ. ಕಿಟಕಿಗೆ ತೊಂದರೆ ಕೊಡೋದು ಬೆಳಗ್ಗೆ ಪೂರ್ವದಿಂದ, ಮಧ್ಯಾಹ್ನದ ಮೇಲೆ ಪಶ್ಚಿಮದಿಂದ ಓರೆಯಾಗಿ ಬರುವ ಬಿಸಿಲು. ಸಜ್ಜಾ ಅದನ್ನು ತಡೆಯಲಾರದು, ಏಕೆಂದರೆ ಸೂರ್ಯ ಸಜ್ಜಾದ ಕೆಳಗೇ ಇಳಿದಿರುತ್ತಾನೆ. ಹಾಗಾಗಿ ಒಳ್ಳೇ ಗಾಜಿಗೆ ಖರ್ಚು ಮಾಡುವುದಾದರೆ ಪಶ್ಚಿಮಕ್ಕೆ ಮೊದಲು, ಆಮೇಲೆ ಪೂರ್ವಕ್ಕೆ. ಉತ್ತರದ ಕಿಟಕಿಗೂ ಅದೇ ದುಬಾರಿ ಗಾಜು ಹಾಕಬೇಕು ಅಂತೇನಿಲ್ಲ. "ಎಲ್ಲಾ ಕಡೆ ಒಂದೇ ಹಾಕ್ಸಿ, ನೋಡೋಕೆ ಚೆನ್ನಾಗಿರತ್ತೆ" ಎನ್ನುವ ಮಾತಿಗೆ ಸುಮ್ನೆ ಒಪ್ಪಿಕೊಳ್ಳಬೇಡಿ.

ಡೇಟಾ ಶೀಟ್ ಕೇಳಿ ಪಡೆಯಿರಿ

ಗಾಜಿನ ಮೇಲೆ ಈ ನಂಬರ್‌ಗಳು ಬರೆದಿರುವುದಿಲ್ಲ. ಗಾಜು ತಯಾರಿಸಿದ ಕಂಪನಿಯ ಡೇಟಾ ಶೀಟ್‌ನಲ್ಲಿ ಇರುತ್ತವೆ. ಕಿಟಕಿ ಮಾಡಿಕೊಡುವ ಫ್ಯಾಬ್ರಿಕೇಟರ್ ಹತ್ತಿರ "ಈ ಗಾಜಿನ ಎಸ್‌ಎಚ್‌ಜಿಸಿ, ವಿಎಲ್‌ಟಿ, ಯು ವ್ಯಾಲ್ಯೂ ಎಷ್ಟು, ಶೀಟ್ ಕಳಿಸಿ" ಅಂತ ವಾಟ್ಸಾಪ್ ಮಾಡಿ. ಕೇಳಿದ್ದು ನೀವು ತಗೊಳ್ಳುವ ಪೂರ್ತಿ ಜೋಡಣೆಗೆ, ಬರೀ ಹೊರಗಿನ ಒಂದು ಗಾಜಿಗಲ್ಲ ಅನ್ನುವುದನ್ನೂ ಹೇಳಿ. "90 ಪರ್ಸೆಂಟ್ ಹೀಟ್ ತಡೆಯುತ್ತೆ" ಅಂತ ಬಾಯಲ್ಲಿ ಹೇಳಿದರೆ ಅದು ಲೆಕ್ಕಕ್ಕಿಲ್ಲ. ಶೀಟ್ ಕೊಡಲು ಆಗದವರ ಹತ್ತಿರ ನಾನಂತೂ ಅಡ್ವಾನ್ಸ್ ಕೊಡುವುದಿಲ್ಲ.

ಎಸ್‌ಎಚ್‌ಜಿಸಿ: ನಮಗೆ ಎಲ್ಲಕ್ಕಿಂತ ಮುಖ್ಯವಾದದ್ದು

ಗಾಜಿನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಎಂದು ಹೇಳುವ ನಂಬರ್ ಇದು. ಸೊನ್ನೆಯಿಂದ ಒಂದರ ಒಳಗಿರುತ್ತದೆ. ಕಡಿಮೆ ಇದ್ದಷ್ಟೂ ಬಿಸಿಲ ಶಾಖ ಕಡಿಮೆ. ಕೆಲವು ಕಂಪನಿಗಳು ಇದನ್ನೇ ಸೋಲಾರ್ ಫ್ಯಾಕ್ಟರ್ ಅಥವಾ ಜಿ ವ್ಯಾಲ್ಯೂ ಅಂತ ಬರೆಯುತ್ತವೆ. ಶೇಡಿಂಗ್ ಕೋಎಫಿಷಿಯೆಂಟ್ ಅಂತ ಇದ್ದರೆ ಮಾತ್ರ ಎಚ್ಚರ, ಅದು ಬೇರೆ ಅಳತೆ. ಅದನ್ನು 0.87ರಿಂದ ಗುಣಿಸಿದರೆ ಎಸ್‌ಎಚ್‌ಜಿಸಿ ಸಿಗುತ್ತದೆ.

6 ಎಂಎಂ ಸಾದಾ ಸಿಂಗಲ್ ಗ್ಲಾಸ್‌ಗೆ ಇದು ಸುಮಾರು 0.82. ನಡುವೆ 12 ಎಂಎಂ ಗ್ಯಾಪ್ ಬಿಟ್ಟು ಅಂಥದ್ದೇ ಎರಡು ಸಾದಾ ಗಾಜು ಸೇರಿಸಿದರೆ ಸುಮಾರು 0.70. ನೋಡಿದಿರಾ? ಡಬಲ್ ಮಾಡಿದ್ದಕ್ಕೆ ಇಳಿದದ್ದು ಇಷ್ಟೇ. ಅದೇ ಹೊರಗಿನ ಗಾಜಿಗೆ ಸೋಲಾರ್ ಕಂಟ್ರೋಲ್ ಲೋ-ಇ ಕೋಟಿಂಗ್ (ಬಿಸಿಲಿನ ಶಾಖ ತಡೆಯುವ ತೆಳು ಲೇಪ) ಇದ್ದರೆ 0.30ರ ಆಸುಪಾಸಿಗೆ ಬರುತ್ತದೆ.

ಅಕ್ಕನ ಕಿಟಕಿಯನ್ನೇ ತಗೊಂಡು ಲೆಕ್ಕ ಹಾಕೋಣ. ಐದಡಿ ಅಗಲ, ನಾಲ್ಕಡಿ ಎತ್ತರ. ಅಂದರೆ 20 ಚದರಡಿ, ಸುಮಾರು 1.86 ಚದರ ಮೀಟರ್. ಪಶ್ಚಿಮದ ಬಿಸಿಲು ಒಂದು ಚದರ ಮೀಟರ್‌ಗೆ 500 ವ್ಯಾಟ್ ಬೀಳುತ್ತಿದೆ ಅಂತ ಇಟ್ಟುಕೊಳ್ಳಿ. ಸಿಂಗಲ್ ಗ್ಲಾಸ್‌ನಲ್ಲಿ ಒಳಗೆ ಬರುವ ಶಾಖ ಸುಮಾರು 760 ವ್ಯಾಟ್. ಸಾದಾ ಡಬಲ್ ಗ್ಲಾಸ್‌ನಲ್ಲಿ 650. ಕೋಟಿಂಗ್ ಇರುವ ಡಬಲ್ ಗ್ಲಾಸ್‌ನಲ್ಲಿ 280. ಸಿಂಗಲ್ ಗ್ಲಾಸ್ ಅಂದರೆ ಹಾಲ್‌ನಲ್ಲಿ ಮುಕ್ಕಾಲು ಕಿಲೋವ್ಯಾಟ್‌ನ ಹೀಟರ್ ಉರಿಸಿಟ್ಟ ಹಾಗೆ, ಅದೂ ಒಂದೇ ಕಿಟಕಿಯಿಂದ. ಅಕ್ಕ ದುಡ್ಡು ಕೊಟ್ಟು ಆ ಹೀಟರನ್ನು ಚೂರು ಸಣ್ಣದು ಮಾಡಿಸಿದ್ದಳು, ಅಷ್ಟೇ.

ಯು ವ್ಯಾಲ್ಯೂ: ಅಂಗಡಿಯವರು ಮೊದಲು ಹೇಳೋದು ಇದನ್ನೇ

ಇದು ಬಿಸಿಲಿನ ಲೆಕ್ಕ ಅಲ್ಲ. ಹೊರಗಿನ ಗಾಳಿ ಬಿಸಿ, ಒಳಗಿನ ಗಾಳಿ ತಂಪು. ಆ ವ್ಯತ್ಯಾಸ ಒಂದು ಡಿಗ್ರಿ ಇದ್ದಾಗ ಒಂದು ಚದರ ಮೀಟರ್ ಗಾಜಿನ ಮೂಲಕ ಎಷ್ಟು ವ್ಯಾಟ್ ಶಾಖ ದಾಟುತ್ತದೆ ಎನ್ನುವುದು ಯು ವ್ಯಾಲ್ಯೂ. ಇದೂ ಕಡಿಮೆ ಇದ್ದಷ್ಟು ಒಳ್ಳೇದು. ಸಿಂಗಲ್‌ಗೆ ಸುಮಾರು 5.7, ಸಾದಾ ಡಬಲ್‌ಗೆ ಸುಮಾರು 2.8, ಲೋ-ಇ ಇದ್ದರೆ 1.6ರಿಂದ 1.9. ಗ್ಯಾಪ್‌ನಲ್ಲಿ ಗಾಳಿಯ ಬದಲು ಆರ್ಗಾನ್ ತುಂಬಿದರೆ ಇನ್ನೊಂದು 0.2 ಅಥವಾ 0.3 ಇಳಿಯುತ್ತದೆ, ಆದರೆ ನಮ್ಮ ಹವೆಗೆ ಅದಕ್ಕೋಸ್ಕರ ಹೆಚ್ಚು ದುಡ್ಡು ಕೊಡುವ ಅಗತ್ಯ ಇಲ್ಲ.

5.7ರಿಂದ 2.8 ಅಂದರೆ ಅರ್ಧಕ್ಕರ್ಧ ಕಡಿಮೆ ಆಯಿತು ಅನಿಸುತ್ತದೆ ಅಲ್ವಾ? ಅದೇ ಕಿಟಕಿಗೆ ಲೆಕ್ಕ ಹಾಕಿ. ಹೊರಗೆ 40 ಡಿಗ್ರಿ, ಒಳಗೆ 28. ಸಿಂಗಲ್ ಗ್ಲಾಸ್‌ನಿಂದ 127 ವ್ಯಾಟ್, ಡಬಲ್‌ನಿಂದ 62. ಉಳಿದದ್ದು 65 ವ್ಯಾಟ್. ಕೋಟಿಂಗ್ ಇರುವ ಗಾಜಿನಿಂದ ಬಿಸಿಲು ತಡೆದಿದ್ದರೆ ಉಳಿಯುತ್ತಿದ್ದದ್ದು 480 (760ರಿಂದ 280ಕ್ಕೆ). ಬೆಂಗಳೂರು, ಮೈಸೂರಿನಲ್ಲಿ ಒಳಗೂ ಹೊರಗೂ ವ್ಯತ್ಯಾಸ ಇನ್ನೂ ಕಡಿಮೆ ಇರುವುದರಿಂದ ಯು ವ್ಯಾಲ್ಯೂ ಲಾಭವೂ ಇನ್ನೂ ಕಡಿಮೆ.

ಇದು ನನ್ನೊಬ್ಬನ ಲೆಕ್ಕ ಅಲ್ಲ. ಫ್ರಿಜ್, ಎಸಿಗಳಿಗೆ ಸ್ಟಾರ್ ಕೊಡುವ ಬಿಇಇ 2018ರಲ್ಲಿ ಮನೆಗಳಿಗಾಗಿ ಇಕೋ ನಿವಾಸ್ ಸಂಹಿತಾ ಅಂತ ಒಂದು ನಿಯಮಾವಳಿ ತಂದಿದೆ. ಗೋಡೆ, ಕಿಟಕಿ ಸೇರಿ ಮನೆಯೊಳಗೆ ಬರುವ ಶಾಖ ಚದರ ಮೀಟರ್‌ಗೆ 15 ವ್ಯಾಟ್ ದಾಟಬಾರದು ಎನ್ನುತ್ತದೆ ಅದು. ಅದರ ಸೂತ್ರದಲ್ಲಿ ಬೆಂಗಳೂರಿನಂಥ ಹವೆಗೆ ಕಿಟಕಿಯ ಯು ವ್ಯಾಲ್ಯೂವನ್ನು 0.37ರಿಂದ ಗುಣಿಸುತ್ತಾರೆ, ಎಸ್‌ಎಚ್‌ಜಿಸಿಯನ್ನು 63.69ರಿಂದ. ಆ ಎರಡು ಅಂಕಿ ನೋಡಿದರೆ ಸಾಕು, ನಮ್ಮ ಊರಿಗೆ ಯಾವುದು ಮುಖ್ಯ ಅಂತ ಗೊತ್ತಾಗುತ್ತದೆ.

ಅಮೆರಿಕದಲ್ಲಿರುವ ನಮ್ಮವರಿಗೆ ಲೆಕ್ಕ ತಿರುಗುಮುರುಗು. ಶಿಕಾಗೋದ ಚಳಿಗಾಲದಲ್ಲಿ ಒಳಗೂ ಹೊರಗೂ 30 ಡಿಗ್ರಿ ವ್ಯತ್ಯಾಸ ಇರುತ್ತದೆ, ಅಲ್ಲಿ ಯು ವ್ಯಾಲ್ಯೂವೇ ದೊಡ್ಡದು, ಚಳಿಯಲ್ಲಿ ಬಿಸಿಲು ಒಳಗೆ ಬಂದರೆ ಒಳ್ಳೇದೇ. ಅಲ್ಲಿನ ಕಿಟಕಿಗಳ ಮೇಲೆ ಎನ್‌ಎಫ್‌ಆರ್‌ಸಿ ಲೇಬಲ್ ಇರುತ್ತದೆ, ಕಿಟಕಿಗಳಿಗೆ ಈ ನಂಬರ್ ಕೊಡುವ ಅಲ್ಲಿನ ಸಂಸ್ಥೆ ಅದು. ಆ ಲೇಬಲ್ ಮೇಲೆ ಯು ವ್ಯಾಲ್ಯೂ 0.30 ಅಂತ ನೋಡಿ ಇಲ್ಲಿ ಅಂಗಡಿಯಲ್ಲಿ ಅದನ್ನೇ ಕೇಳುವವರಿದ್ದಾರೆ. ಅದು ಅವರ ಅಳತೆ. ನಮ್ಮ ಅಳತೆಗೆ ತರಬೇಕಾದರೆ 5.68ರಿಂದ ಗುಣಿಸಬೇಕು, ಆಗ 1.7 ಆಗುತ್ತದೆ. ಇನ್ನೊಂದು ವಿಷಯ, ಅವರ ಲೇಬಲ್ ಫ್ರೇಮ್ ಸೇರಿಸಿ ಪೂರ್ತಿ ಕಿಟಕಿಗೆ ಕೊಟ್ಟದ್ದು. ನಮಗೆ ಸಿಗುವ ಶೀಟ್‌ನಲ್ಲಿ ಸಾಮಾನ್ಯವಾಗಿ ಇರೋದು ಗಾಜಿನ ನಡುಭಾಗದ್ದು. ಅಲ್ಯೂಮಿನಿಯಂ ಫ್ರೇಮ್ ಹಾಕಿದರೆ ಅದರ ಮೂಲಕವೂ ಶಾಖ ಹರಿಯುತ್ತದೆ, ಯುಪಿವಿಸಿ ಎನ್ನುವ ಗಟ್ಟಿ ಪ್ಲಾಸ್ಟಿಕ್ ಫ್ರೇಮ್ ಆದರೆ ಅಷ್ಟಿಲ್ಲ.

ವಿಎಲ್‌ಟಿ: ಮನೆ ಕತ್ತಲಾಗಬಾರದು

ನೂರು ಪಾಲು ಬೆಳಕಿನಲ್ಲಿ ಎಷ್ಟು ಒಳಗೆ ಬರುತ್ತದೆ ಎನ್ನುವುದು ವಿಎಲ್‌ಟಿ. ಸಾದಾ 6 ಎಂಎಂ ಗಾಜಿಗೆ ಸುಮಾರು 88. ಶಾಖ ತಡೆಯೋಕೆ ಅಂತ ಕಪ್ಪು ಗಾಜು ಹಾಕಿಸಿ, ಹಗಲಲ್ಲೂ ಲೈಟ್ ಹಾಕಿಕೊಂಡು ಕೂತ ಮನೆಗಳನ್ನು ನೋಡಿದ್ದೇನೆ. ಬೇಜಾರಾಗುತ್ತದೆ. ಕಪ್ಪಗಿದ್ದರೆ ತಂಪು ಅನ್ನುವುದು ತಪ್ಪು. ಬ್ರೌನ್ ಬಣ್ಣದ ಟಿಂಟೆಡ್ ಗಾಜು ಸುಮಾರು ಅರ್ಧ ಬೆಳಕನ್ನು ನುಂಗುತ್ತದೆ, ಆದರೂ ಎಸ್‌ಎಚ್‌ಜಿಸಿ 0.6ರ ಹತ್ತಿರ ಇರುತ್ತದೆ. ಏಕೆಂದರೆ ಗಾಜೇ ಕಾದು ಒಳಕ್ಕೂ ಶಾಖ ಬಿಡುತ್ತದೆ.

ಬಿಸಿಲಿನ ಶಾಖದಲ್ಲಿ ಹೆಚ್ಚುಕಮ್ಮಿ ಅರ್ಧ ಕಣ್ಣಿಗೆ ಕಾಣದ ಕಿರಣಗಳದ್ದು. ಒಳ್ಳೇ ಲೋ-ಇ ಕೋಟಿಂಗ್ ಆ ಕಾಣದ ಕಿರಣವನ್ನು ಹೊರಕ್ಕೆ ತಳ್ಳಿ, ಬೆಳಕನ್ನು ಒಳಗೆ ಬಿಡುತ್ತದೆ. ಅದನ್ನು ಗುರುತಿಸೋದು ಸುಲಭ. ವಿಎಲ್‌ಟಿಯನ್ನು ಎಸ್‌ಎಚ್‌ಜಿಸಿಯಿಂದ ಭಾಗಿಸಿ. ವಿಎಲ್‌ಟಿ 50, ಅಂದರೆ 0.50. ಎಸ್‌ಎಚ್‌ಜಿಸಿ 0.30. ಉತ್ತರ 1.67. ಈ ಉತ್ತರ 1.25ಕ್ಕಿಂತ ಜಾಸ್ತಿ ಬಂದರೆ ಗಾಜು ಕೊಟ್ಟ ದುಡ್ಡಿಗೆ ಕೆಲಸ ಮಾಡುತ್ತದೆ. ಬ್ರೌನ್ ಗಾಜಿಗೆ ಒಂದೂ ಬರುವುದಿಲ್ಲ. ಸಂಹಿತಾ ಪ್ರಕಾರ ಕಿಟಕಿಗಳು ಗೋಡೆಯ ಶೇ 30ರ ಒಳಗಿದ್ದರೆ ವಿಎಲ್‌ಟಿ ಕನಿಷ್ಠ 27 ಇರಬೇಕು. ನನ್ನ ಕೇಳಿದರೆ ಓದುವ ಕೋಣೆಗೆ, ಅಡುಗೆಮನೆಗೆ 45ಕ್ಕಿಂತ ಕೆಳಗೆ ಇಳಿಯಬೇಡಿ.

ಸದ್ದು ತಡೆಯೋಕೆ ಹಾಕಿಸುವುದಾದರೆ

ರಸ್ತೆ ಪಕ್ಕದ ಮನೆಯವರು ಡಬಲ್ ಗ್ಲಾಸ್ ಹಾಕಿಸೋದು ಹಾರ್ನ್ ಕಾಟಕ್ಕೆ. ಇಲ್ಲಿ ನೋಡಬೇಕಾದ್ದು ಆರ್‌ಡಬ್ಲ್ಯೂ ಅಥವಾ ಎಸ್‌ಟಿಸಿ, ಕಿಟಕಿ ಎಷ್ಟು ಸದ್ದು ತಡೆಯುತ್ತದೆ ಎನ್ನುವ ಡೆಸಿಬೆಲ್ ಲೆಕ್ಕದ್ದು, ಇದು ಜಾಸ್ತಿ ಇದ್ದಷ್ಟು ಒಳ್ಳೇದು. 6 ಎಂಎಂ ಸಿಂಗಲ್‌ಗೆ ಸುಮಾರು 31, ಎರಡು 6 ಎಂಎಂ ಸೇರಿಸಿದ ಡಬಲ್‌ಗೆ ಸುಮಾರು 33. ಕಿವಿಗೆ ಸದ್ದು ಅರ್ಧ ಆಯಿತು ಅನಿಸಬೇಕಾದರೆ 10 ಡೆಸಿಬೆಲ್ ಇಳಿಯಬೇಕು, ಎರಡರಿಂದ ಏನಾಗುತ್ತದೆ? ಎರಡು ಗಾಜಿನ ದಪ್ಪ ಬೇರೆ ಬೇರೆ ಇರಲಿ, ಒಂದು ಲ್ಯಾಮಿನೇಟೆಡ್ (ನಡುವೆ ಪ್ಲಾಸ್ಟಿಕ್ ಪದರ ಇರುವ ಗಾಜು) ಇರಲಿ. ಸ್ಲೈಡಿಂಗ್ ಬದಲು ಬಾಗಿಲಿನಂತೆ ತೆರೆಯುವ ಕಿಟಕಿ ಇರಲಿ, ಸ್ಲೈಡಿಂಗ್‌ನ ಸಂದಿಯಲ್ಲಿ ಗಾಳಿ ನುಸುಳಿದರೆ ಸದ್ದೂ ಅದರ ಜೊತೆಗೇ ಬರುತ್ತದೆ.

ಕೊಟೇಶನ್‌ನಲ್ಲಿ ಏನು ಬರೆಸಬೇಕು

"ಡಿಜಿಯು 24 ಎಂಎಂ" ಅಂತ ಒಂದೇ ಸಾಲು ಬರೆದುಕೊಟ್ಟರೆ ಒಪ್ಪಬೇಡಿ (ಡಿಜಿಯು ಅಂದರೆ ಡಬಲ್ ಗ್ಲಾಸ್ ಜೋಡಣೆ). ಹೀಗೆ ಬರೆಸಿ: ಹೊರಗೆ 6 ಎಂಎಂ ಸೋಲಾರ್ ಕಂಟ್ರೋಲ್ ಲೋ-ಇ, ಟಫನ್ಡ್, ಕೋಟಿಂಗ್ ಎರಡನೇ ಮುಖದ ಮೇಲೆ, ನಡುವೆ 12 ಎಂಎಂ ಗ್ಯಾಪ್, ಒಳಗೆ 6 ಎಂಎಂ ಕ್ಲಿಯರ್ ಟಫನ್ಡ್. ಅದರ ಕೆಳಗೆ ಗಾಜಿನ ಕಂಪನಿ, ಗಾಜಿನ ಪೂರ್ತಿ ಹೆಸರು, ಮೂರು ನಂಬರ್. ಟಫನ್ಡ್ ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು, ಅದಕ್ಕೆ ಐಎಸ್ 2553 ಗುರುತು ಕೇಳಿ. ಸೀಲ್‌ಗೆ ಎಷ್ಟು ವರ್ಷ ವಾರಂಟಿ ಅನ್ನುವುದೂ ಬರಹದಲ್ಲೇ ಇರಲಿ. ಸೀಲ್ ಬಿಟ್ಟುಕೊಂಡರೆ ತೇವ ಒಳಗೆ ಹೋಗಿ ಎರಡು ಗಾಜಿನ ಮಧ್ಯೆ ಮಂಜು ಕಟ್ಟುತ್ತದೆ, ಅದನ್ನು ಒರೆಸೋಕೆ ಆಗುವುದಿಲ್ಲ, ಗಾಜನ್ನೇ ಬದಲಿಸಬೇಕು. ಕರಾವಳಿಯವರು ಇದನ್ನು ಬಿಡಲೇಬಾರದು.

ಮುಖ ಅಂದರೇನು ಅಂತ ಹೇಳಿಬಿಡುತ್ತೇನೆ. ಎರಡು ಗಾಜಿಗೆ ನಾಲ್ಕು ಮುಖ. ರಸ್ತೆ ಕಡೆಯದು ಒಂದು, ಅದರ ಬೆನ್ನು ಎರಡು, ಗ್ಯಾಪ್ ದಾಟಿದ ಮೇಲೆ ಮೂರು, ಕೋಣೆಯ ಕಡೆಯದು ನಾಲ್ಕು. ನಮ್ಮ ಬಿಸಿಲಿಗೆ ಕೋಟಿಂಗ್ ಎರಡನೆಯದರಲ್ಲಿ ಇರಬೇಕು, ಆಗ ಶಾಖ ಹೊರಗಿನ ಗಾಜಿನಲ್ಲೇ ನಿಲ್ಲುತ್ತದೆ. ಜೋಡಿಸುವಾಗ ತಿರುಗುಮುರುಗಾದರೆ ಕೋಟಿಂಗ್ ಮೂರಕ್ಕೆ ಬರುತ್ತದೆ, ಅದು ಹೀರಿದ ಶಾಖ ಮನೆಯೊಳಗೇ ಇಳಿಯುತ್ತದೆ. ಬರಿಗಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಕೊನೆಯ ಕಂತು ಕೊಡುವ ಮುಂಚೆ ಲೈಟರ್ ಹಚ್ಚಿ

ಸಂಜೆ ಕತ್ತಲಾಗುವ ಹೊತ್ತಿಗೆ ಕೋಣೆಯೊಳಗೆ ನಿಂತು, ಪರದೆ ಸರಿಸಿ, ಗಾಜಿನ ಹತ್ತಿರ ಲೈಟರ್ ಹಿಡಿಯಿರಿ. ಸ್ವಲ್ಪ ಓರೆಯಾಗಿ ನೋಡಿದರೆ ಗಾಜಿನಲ್ಲಿ ನಾಲ್ಕು ಜ್ವಾಲೆ ಕಾಣುತ್ತದೆ, ಎರಡು ಹತ್ತಿರ, ಎರಡು ದೂರ. ಪ್ರತಿ ಮುಖಕ್ಕೂ ಒಂದು. ಕೋಟಿಂಗ್ ಇರುವ ಮುಖದ ಜ್ವಾಲೆಯ ಬಣ್ಣ ಮಾತ್ರ ಬೇರೆ ಇರುತ್ತದೆ. ಒಳಗಿನಿಂದ ಎಣಿಸುತ್ತಾ ಹೋಗಿ: ಮೊದಲನೆಯದು ನಾಲ್ಕನೇ ಮುಖ, ಆಮೇಲೆ ಮೂರು, ಆಮೇಲೆ ಎರಡು. ಅಂದರೆ ಮೂರನೇ ಜ್ವಾಲೆಯ ಬಣ್ಣ ಬದಲಾಗಿರಬೇಕು. ಎರಡನೆಯದು ಬದಲಾಗಿದ್ದರೆ ಗಾಜು ಉಲ್ಟಾ ಆಗಿದೆ. ನಾಲ್ಕೂ ಒಂದೇ ಬಣ್ಣ ಇದ್ದರೆ ಒಂದೊಂದೇ ಮುಖ ನಿಧಾನವಾಗಿ ಮತ್ತೆ ನೋಡಿ, ಆಗಲೂ ಹಾಗೇ ಇದ್ದರೆ ಕೋಟಿಂಗ್ ಎಲ್ಲಿದೆ ತೋರಿಸಿ ಅಂತ ಫ್ಯಾಬ್ರಿಕೇಟರನ್ನೇ ಕರೆಸಿ.

ಕೊನೆಗೆ ಅಕ್ಕ ಕೋಟಿಂಗ್ ಇರುವ ಗಾಜು ಹಾಕಿಸಿದಳು, ಫ್ರೇಮ್ ಮುಟ್ಟಲಿಲ್ಲ. ಹಳೇ ಗಾಜೂ 24 ಎಂಎಂ, ಹೊಸದೂ 24 ಎಂಎಂ, ಹಾಗಾಗಿ ಪಶ್ಚಿಮದ ಒಂದು ಕಿಟಕಿಗೆ ಗಾಜು ಮಾತ್ರ ಬದಲಾಯಿತು. ಕೂರಿಸುವವರು ಸಾಮಾನು ಕಟ್ಟಿಕೊಳ್ಳುತ್ತಿದ್ದಾಗ ಅಕ್ಕ ದೇವರ ಮನೆಯಿಂದ ಲೈಟರ್ ತಂದು ಹಚ್ಚಿ, ಒಂದು, ಎರಡು ಅಂತ ಜೋರಾಗಿ ಎಣಿಸಿದಳು. ಮೂರನೆಯದು ಕೆಂಪಗಿತ್ತು.