ಗ್ಯಾರೇಜಿನ ಗುಂಡಿ ಮುಚ್ಚಿಸಿದ್ದು

ಸಾಗರದಲ್ಲಿ ಮನೆ ಹಿಂದಿನ ಹಳೇ ಕೊಟ್ಟಿಗೆಯನ್ನು ವರ್ಕ್‌ಶಾಪ್ ಮಾಡುವಾಗ ನನಗೆ ಒಂದೇ ಹಠ: ನಡುವೆ ಗುಂಡಿ ಇರಲೇಬೇಕು. ಅಪ್ಪನ ಪ್ರೀಮಿಯರ್ ಪದ್ಮಿನಿ ಕಾರಿನ ತಳಕ್ಕೆ ತುಕ್ಕು ಹಿಡಿದಿತ್ತು, ಅಡಿಯಲ್ಲಿ ನಿಂತು ಆರಾಮಾಗಿ ಕೆರೆಯೋಣ ಅಂತ. ಐದಡಿ ತೋಡಿಸಿದೆ. ಜುಲೈ ಬಂತು, ಗುಂಡಿ ಬಾವಿಯಾಯಿತು. ದಿನಾ ಪಂಪ್ ಹಚ್ಚಿ ನೀರೆತ್ತಿದರೂ ಬೆಳಗಾದರೆ ಮತ್ತೆ ಮೊಣಕಾಲುದ್ದ. ಕಪ್ಪೆಗಳಿಗಂತೂ ಹಬ್ಬ. ಕೆರೆದು ಹೊಳೆಯಿಸಿದ್ದ ತಗಡು ವಾರದಲ್ಲೇ ಕೆಂಪಗಾಯಿತು.

ನೀರು ಬತ್ತಿದ ಮೇಲೆ ಇನ್ನೊಂದು ಫಜೀತಿ. ಪೆಟ್ರೋಲ್ ಟ್ಯಾಂಕ್ ಬಿಚ್ಚಿದ ದಿನ ಗುಂಡಿಗಿಳಿದೆ, ತಲೆ ಗಿರ್ರ್ ಅಂತು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲೇ ಕೂರುತ್ತದೆ. ನನ್ನ ಕೈಯಲ್ಲೋ ವೈರ್ ಸುತ್ತಿದ ಬಲ್ಬು, ಒಂದು ಕಿಡಿ ಹಾರಿದ್ದರೆ ಮುಗೀತಿತ್ತು! ಹತ್ತಿಬಂದವನು ಮತ್ತೆ ಇಳಿಯಲಿಲ್ಲ.

ಡಿಸೆಂಬರಿನಲ್ಲಿ ಜಂಬಿಟ್ಟಿಗೆ ಚೂರು, ಮಣ್ಣು ತುಂಬಿಸಿ, ಅರ್ಧ ಅಡಿಗೊಮ್ಮೆ ನೀರು ಹೊಡೆದು ದಮ್ಮಸ್ಸು ಮಾಡಿಸಿದೆ. ಆಳು ಗೊಣಗಿದ, ಆದರೆ ಅವಸರ ಮಾಡಿದ್ದರೆ ನೆಲ ಕುಸಿಯುತ್ತಿತ್ತು. ಮೇಲೆ ತೇವ ಏರದಂತೆ ದಪ್ಪ ಪ್ಲಾಸ್ಟಿಕ್ ಹಾಳೆ, ಕಂಬಿ ಜಾಲರಿ, ಐದಿಂಚು ಕಾಂಕ್ರೀಟ್. ಗೋಣಿಚೀಲ ಹೊದಿಸಿ ಎರಡು ವಾರ ನೀರುಣಿಸಿದೆ.

ಈಗ ಕಾರನ್ನು ಟ್ರಾಲಿ ಜ್ಯಾಕಿನಲ್ಲಿ ಎತ್ತಿ ನಾಲ್ಕು ಸ್ಟ್ಯಾಂಡ್ ಮೇಲೆ ಕೂರಿಸುತ್ತೇನೆ. ಬರೀ ಜ್ಯಾಕ್ ನಂಬಿ ಕೆಳಗೆ ತೂರುವುದಿಲ್ಲ. ಗಾಡಿಯನ್ನು ಜೋರಾಗಿ ಅಲ್ಲಾಡಿಸಿ ನೋಡಿ, ಆಮೇಲೆ ಹಲಗೆ ಮೇಲೆ ಮಲಗಿ ಒಳಗೆ. ಬೆನ್ನು ಹಿಡಿಯುತ್ತದೆ, ನಿಜ. ಆದರೆ ಈ ಮಳೆಗಾಲ ದಾಟಿದರೂ ತಳಕ್ಕೆ ಹೊಡೆದ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಹಾಗೇ ಇದೆ.