ನನ್ನ ರಾಣಿಗೆ ಖರ್ಚೇ ಇರಲಿಲ್ಲ

ನನ್ನ ಫ್ಯಾಂಟಸಿ ಕಾದಂಬರಿಯನ್ನು ಮೊದಲ ಸಲ ಬರೆದಾಗ ಅದರ ರಾಣಿ ಎಲ್ಲರಿಗೂ ಎಲ್ಲವನ್ನೂ ಕೊಡುತ್ತಿದ್ದಳು. ಹಸಿದು ಬಂದವರಿಗೆ ಅನ್ನ, ಜಗಳ ತಂದವರಿಗೆ ನ್ಯಾಯ, ಕದ್ದವನಿಗೆ ಕ್ಷಮೆ. 180 ಪುಟ ಆದ ಮೇಲೆ ಅತ್ತೆಯ ಕೈಗೆ ಕೊಟ್ಟೆ. ಶಿರಸಿ ಕಡೆಯ ಅಡಿಕೆ ತೋಟದ ಲೆಕ್ಕವನ್ನು ಇಷ್ಟು ವರ್ಷ ಬರೆದವರು ಅವರೇ. ಕೂಲಿ, ಗೊಬ್ಬರ, ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡನ ಮಜೂರಿ, ಎಲ್ಲ ಅವರ ಪುಸ್ತಕದಲ್ಲಿದೆ. ಎರಡು ದಿನ ಓದಿ, ಕನ್ನಡಕ ತೆಗೆದು ಹೇಳಿದರು:

“ಚೆನ್ನಾಗಿದೆ. ಆದ್ರೆ ಇವಳು ಇಷ್ಟೆಲ್ಲ ಕೊಡ್ತಾಳಲ್ಲ, ಎಲ್ಲಿಂದ ತರ್ತಾಳೆ ಮಾರಾಯ್ತಿ?”

ಸಿಟ್ಟು ಬಂತು. ಇದು ಫ್ಯಾಂಟಸಿ ಅತ್ತೆ, ಮಾಯೆ ಇರುತ್ತೆ ಎಂದೆ. “ಮಾಯೆಗೂ ಲೆಕ್ಕ ಇರ್ಬೇಕು” ಎಂದು ಅಡುಗೆಮನೆಗೆ ಹೋದರು.

ಒಂದು ವಾರ ಫೈಲ್ ತೆರೆಯಲಿಲ್ಲ. ಆಮೇಲೆ ತೆರೆದು ನೋಡಿದರೆ ಅವರು ಹೇಳಿದ್ದೇ ಸರಿ. ನನ್ನ ರಾಣಿಯ ಕರುಣೆಯಿಂದ ಅವಳಿಗೆ ಏನೂ ಕಡಿಮೆಯಾಗುತ್ತಿರಲಿಲ್ಲ. ದೇವರ ಪಟದ ಹಾಗೆ ಕೂತಿದ್ದಳು.

ಇತಿಹಾಸದ ಕಡೆ ತಿರುಗಿದೆ. ಕೆಳದಿಯ ಚೆನ್ನಮ್ಮನ ಕಥೆ ಶಾಲೆಯಲ್ಲೇ ಓದಿದ್ದೆ, ಆದರೆ ಲೆಕ್ಕದ ಕಣ್ಣಿನಿಂದ ನೋಡಿರಲಿಲ್ಲ. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಮೊಗಲರಿಂದ ತಪ್ಪಿಸಿಕೊಂಡು ತಮಿಳು ನಾಡಿನ ಜಿಂಜಿ ಕೋಟೆಯ ಕಡೆ ಹೊರಟಿದ್ದ. ದಾರಿಯಲ್ಲಿ ಅವನಿಗೆ ಆಸರೆ ಕೊಟ್ಟವಳು ಚೆನ್ನಮ್ಮ. ಔರಂಗಜೇಬನ ಸೈನ್ಯ ಅವಳ ನಾಡಿಗೆ ನುಗ್ಗಿತು. ಗಂಡ ಸತ್ತ ಮೇಲೆ ಸಿಂಹಾಸನ ಹತ್ತಿದ ಹೆಂಗಸು, ಸಣ್ಣ ರಾಜ್ಯ, ಎದುರಿಗೆ ದೆಹಲಿಯ ಬಾದಶಹ. ಓಡಿ ಬಂದವನಿಗೆ ಬಾಗಿಲು ತೆಗೆದದ್ದು ಒಂದು ರಾತ್ರಿಯ ಮಾತು. ಆ ಬಾಗಿಲಿನ ಬೆಲೆ ತೆತ್ತದ್ದು ಇಡೀ ನಾಡು. ನನ್ನ 180 ಪುಟದಲ್ಲಿ ಇಲ್ಲದ್ದು ಇದೇ ನೋಡಿ.

ಆದರೆ ಚೆನ್ನಮ್ಮನನ್ನೇ ಹೆಸರು ಬದಲಿಸಿ ಬರೆಯಲು ಮನಸ್ಸಾಗಲಿಲ್ಲ. ನನ್ನ ನಾಡಿಗೆ ಅದರದ್ದೇ ಮಣ್ಣು ಬೇಕಿತ್ತು. ಕುಮಟಾ ಹತ್ತಿರದ ಮಿರ್ಜಾನ್ ಕೋಟೆಗೆ ಹೋದೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನ ಜೊತೆ ಜನ ಸೇರಿಸಿ ಹೇಳುವ ಕೋಟೆ ಅದು. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದು ಕರೆದಿದ್ದರು. ಸುಮಾರು 54 ವರ್ಷ ಆಳಿದಳು ಎನ್ನುತ್ತಾರೆ. ಪಾಚಿ ಹಿಡಿದ ಮೆಟ್ಟಿಲ ಮೇಲೆ ಕೂತಾಗ ಈ 54 ತಲೆಯೊಳಗೆ ಕೊರೆಯತೊಡಗಿತು. ನಮ್ಮ ಚಿತ್ರಗಳಲ್ಲಿ ರಾಣಿ ಅಂದ್ರೆ ಯಾವಾಗಲೂ ಇಪ್ಪತ್ತೈದರವಳು, ಕುದುರೆ ಮೇಲೆ, ಕೈಯಲ್ಲಿ ಕತ್ತಿ. 54 ವರ್ಷ ಆಳಿದವಳು ಆ ವಯಸ್ಸಿನಲ್ಲಿ ಎಷ್ಟು ದಿನ ಇದ್ದಿರಬಹುದು? ಹೆಚ್ಚಿನ ಕಾಲ ಮಂಡಿ ನೋವು, ಓಲೆ ಓದಲು ಮಂಜಾದ ಕಣ್ಣು, ಇವುಗಳ ಜೊತೆಗೇ ಆಳಿರಬೇಕು.

ಅವತ್ತೇ ನನ್ನ ರಾಣಿಗೆ 58 ವರ್ಷ ಮಾಡಿದೆ. ದೊಡ್ಡವರ ಕಥೆ ಅಂದರೆ ಹಾಸಿಗೆಯ ದೃಶ್ಯ ಎಂದು ಕೆಲವರು ತಿಳಿಯುತ್ತಾರೆ. ನನ್ನ ಕಥೆಯಲ್ಲಿ ಅದೂ ಇದೆ, ದೋಣಿ ನಡೆಸುವ ಒಬ್ಬನ ಜೊತೆ. ಅದನ್ನು ಬರೆಯಲು ಇಷ್ಟು ಕಷ್ಟ ಆಗಲಿಲ್ಲ. ಮಂಡಿ ನೋವು ಬರೆಯುವುದೇ ಕಷ್ಟವಾಯಿತು.

ಮಾಯೆ ಸಿಕ್ಕಿದ್ದು ಸಾಣಿಕಟ್ಟೆಯಲ್ಲಿ. ಗೋಕರ್ಣದ ಹತ್ತಿರ, ಅಘನಾಶಿನಿ ಸಮುದ್ರ ಸೇರುವ ಕಡೆ, ಉಪ್ಪಿನ ಆಗರಗಳಿವೆ. ಬಿಸಿಲಲ್ಲಿ ಉಪ್ಪನ್ನು ಎಳೆದು ರಾಶಿ ಹಾಕುತ್ತಿದ್ದರು. ನೋಡುತ್ತಾ ನಿಂತಾಗ ಮನಸ್ಸಿಗೆ ಬಂದದ್ದು ನಾವು ದಿನಾ ಆಡುವ ಮಾತು: ಉಪ್ಪಿನ ಋಣ. ನಮ್ಮಲ್ಲಿ ಋಣ ಉಪ್ಪು ತಿಂದವನ ಮೇಲೆ. ಅದನ್ನೇ ತಿರುಗಿಸಿದರೆ? ನನ್ನ ನಾಡಿನಲ್ಲಿ ಉಪ್ಪು ಕೊಟ್ಟವಳ ಮೇಲೆ ಋಣ ಬೀಳುತ್ತದೆ. ರಾಣಿ ತನ್ನ ಕೈಯಾರೆ ಯಾರಿಗೆ ಉಪ್ಪು ಕೊಡುತ್ತಾಳೋ ಅವರ ನೋವಿನ ಅರ್ಧ ಅವಳ ಮೈಗೆ ಬರುತ್ತದೆ. ಸಾಯುವವರೆಗೂ. ಒಂದು ಚಿಟಿಕೆ ಉಪ್ಪು, ಅಷ್ಟೇ ನಿಯಮ.

ಈ ಒಂದು ನಿಯಮದಿಂದ ಹಳೆಯ ಪುಟಗಳೆಲ್ಲ ಬಿದ್ದುಹೋದವು. ಈಗ ಅವಳು ಎಲ್ಲರಿಗೂ ಕೊಡಲಾರಳು. ಹೆರಿಗೆ ನೋವಿನ ಹುಡುಗಿ ಬಾಗಿಲಲ್ಲಿದ್ದಾಳೆ, ನಾಳೆ ಬೆಳಗ್ಗೆ ಸಂಧಾನದ ಮಾತುಕತೆಯಿದೆ. ಕೊಡಬೇಕಾ? ಅವಳು ಕೊಡಲಿಲ್ಲ. ಆ ಪುಟ ಬರೆದು ನಾನೇ ಎದ್ದು ಹೊರಗೆ ಹೋದೆ. ಜಾಣತನ ಮತ್ತು ಕರುಣೆ ಎರಡೂ ಒಬ್ಬಳಲ್ಲೇ ಇದ್ದರೆ ಅವೆರಡೂ ದಿನಾ ಜಗಳ ಆಡುತ್ತವೆ ಎಂದು ಆಗ ಕಂಡಿತು.

ಮಾತಿನ ಸಮಸ್ಯೆ ಬೇರೆ ಇತ್ತು. ರಾಣಿ ಬಾಯಿ ತೆಗೆದರೆ ಸಾಕು, ನಾಟಕ ಕಂಪನಿಯ ಪರದೆ ಮೇಲೇಳುತ್ತಿತ್ತು. “ಎಲೈ ದೂತನೇ” ಶೈಲಿ. ಎಷ್ಟು ಅಳಿಸಿದರೂ ಮತ್ತೆ ಬರುತ್ತಿತ್ತು. ಕೊನೆಗೆ ‘ಮಹಾರಾಣಿ’ ಅನ್ನುವ ಪದವನ್ನೇ ಬಿಟ್ಟೆ. ಕೆಳದಿಯ ರಾಣಿಯರನ್ನು ಚೆನ್ನಮ್ಮಾಜಿ, ವೀರಮ್ಮಾಜಿ ಎನ್ನುತ್ತಿದ್ದರಲ್ಲ, ನನ್ನವಳೂ ಬರೀ ‘ಅಮ್ಮಾಜಿ’ ಆದಳು. ಹಾಗೆ ಕರೆದ ಕೂಡಲೇ ಎದುರಿನವರ ಮಾತೂ ನೆಲಕ್ಕಿಳಿಯಿತು.

ಕೊನೆಯ ಭಾಗಕ್ಕೆ ಚೆನ್ನಮ್ಮನಿಂದ ಸಾಲ ತಂದದ್ದು ಒಂದೇ: ಓಡಿ ಬಂದ ಹುಡುಗ. ಅವನಿಗೆ ಉಪ್ಪು ಕೊಟ್ಟರೆ ಅವನ ಗಾಯವೂ ಅವಳದ್ದು, ಅವನ ಬೆನ್ನು ಹತ್ತಿದ ದಂಡೂ ಅವಳದ್ದು. ಯುದ್ಧ ಬರೆಯಲು ನನಗೆ ಬರುವುದಿಲ್ಲ. ಅಘನಾಶಿನಿಯ ಗಜನಿ ಗದ್ದೆಗಳು ಕೈಹಿಡಿದವು. ಕಟ್ಟೆ ಹಾಕಿ ಉಬ್ಬರದ ನೀರನ್ನು ಹೊರಗಿಟ್ಟು ಬೆಳೆಯುವ ಗದ್ದೆಗಳು ಅವು. ಅಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪುನೀರನ್ನೂ ಸ್ವಲ್ಪ ತಡೆದುಕೊಳ್ಳುತ್ತದೆ. ಅಮ್ಮಾಜಿ ಕಟ್ಟೆ ಒಡೆಸುತ್ತಾಳೆ. ಸಮುದ್ರ ಗದ್ದೆಗೆ ಬರುತ್ತದೆ, ದಂಡು ಕೆಸರಲ್ಲಿ ಹೂತು ನಿಲ್ಲುತ್ತದೆ. ಎಂಥ ಕಗ್ಗವಾದರೂ ಕಟ್ಟೆಯೇ ಹೋದ ಮೇಲೆ ಉಳಿಯುತ್ತದಾ? ಆ ವರ್ಷದ ಬೆಳೆ ಹೋಯಿತು. ಹುಡುಗ ಉಳಿದ.

ಆಮೇಲಿನ ಅಧ್ಯಾಯದಲ್ಲಿ ಅಮ್ಮಾಜಿ ಕಡತ ಬಿಡಿಸಿ ಕೂರುತ್ತಾಳೆ. ಕಡತ ಅಂದ್ರೆ ಈಗಿನ ಆಫೀಸಿನ ಫೈಲಲ್ಲ. ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪಾಗಿಸಿ ಮಡಚಿದ ಬಟ್ಟೆ. ಬಳಪದಲ್ಲಿ ಬರೆಯುತ್ತಿದ್ದರು. ಬೆಳೆ ಕಳೆದುಕೊಂಡ ಒಂದೊಂದೇ ಮನೆಯ ಹೆಸರು ಹೇಳಿಸಿ, ಅರಮನೆಯ ಕಣಜದಿಂದ ಎಷ್ಟು ಭತ್ತ ಕೊಟ್ಟಾಯಿತು ಎಂದು ಬರೆಸುತ್ತಾಳೆ. ನಾಲ್ಕು ಪುಟ ಬರೀ ಲೆಕ್ಕ. ಇಷ್ಟು ಉದ್ದ ಯಾರು ಓದುತ್ತಾರೆ ಎಂದು ಗೆಳತಿಯೊಬ್ಬಳು ಕೇಳಿದಳು. ನನಗೆ ಇಡೀ ಪುಸ್ತಕದಲ್ಲಿ ಇಷ್ಟವಾದ ಜಾಗ ಅದೇ. ತೆಗೆಯಲಿಲ್ಲ.

ಮತ್ತೆ ಅತ್ತೆಗೆ ಕೊಟ್ಟೆ. ಈ ಸಲ ಪೆನ್ಸಿಲ್ ಹಿಡಿದು ಓದಿದರು. ಕಟ್ಟೆ ಒಡೆದಲ್ಲಿ ಏನೂ ಹೇಳಲಿಲ್ಲ, ದೋಣಿಯವನ ಪುಟವನ್ನು ಸ್ವಲ್ಪ ಬೇಗ ಮಗುಚಿದರು ಅನ್ನಿಸಿತು. ಲೆಕ್ಕದ ಪುಟದಲ್ಲಿ ನಿಂತರು.

“20 ಕೊಳಗಕ್ಕೆ ಒಂದು ಖಂಡುಗ ಅಲ್ವನೇ? ಮನೆ ಮನೆಯದ್ದು ಕೂಡಿದ್ರೆ 340 ಕೊಳಗ. ಅಂದ್ರೆ 17 ಖಂಡುಗ. ಕೆಳಗೆ ಒಟ್ಟು 20 ಅಂತ ಬರ್ದಿದೀಯ. ಮೂರು ಖಂಡುಗ ಎಲ್ಲಿಗೆ ಹೋಯ್ತು?”

ಕೂಡುವಾಗ ತಪ್ಪಿದ್ದೆ. ತಿದ್ದಲು ಹೊರಟವಳು ಹಾಗೇ ಬಿಟ್ಟೆ. ಆ ಮೂರು ಖಂಡುಗ ಈಗ ನನ್ನ ಶಾನುಭೋಗನ ಮನೆ ಅಟ್ಟದ ಮೇಲಿದೆ. ಅಮ್ಮಾಜಿ ಅವನಿಗೆ ಹಿಂದೊಮ್ಮೆ ಉಪ್ಪು ಕೊಟ್ಟಿದ್ದಾಳೆ. ಎರಡನೇ ಭಾಗ ಅಲ್ಲಿಂದ ಶುರು ಮಾಡಿದ್ದೇನೆ.