ಮನೆ ತಗ್ಗಲ್ಲಿದ್ಯಾ? ಮಳೆ ಅಲರ್ಟ್ ಬಂದಾಗ ಹೀಗ್ಮಾಡಿ

ಬೆಂಗಳೂರಲ್ಲಿ ನದಿ ಎಲ್ಲಿದೆ ಪ್ರವಾಹ ಬರೋಕೆ ಅಂತ ಕೇಳೋರು ಇನ್ನೂ ಇದ್ದಾರೆ. ವೃಷಭಾವತಿ ಇಲ್ಲೇ ಹುಟ್ಟಿ ಅರ್ಕಾವತಿಗೆ ಸೇರುತ್ತೆ, ಈ ಕಡೆ ಅಗರ ಕೆರೆ ತುಂಬಿದ್ರೆ ನೀರು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಆಮೇಲೆ ದಕ್ಷಿಣ ಪಿನಾಕಿನಿಗೆ. ಆ ದಾರಿ ಮಧ್ಯ ಲೇಔಟ್ ಮಾಡ್ಕೊಂಡು ಕೂತಿರೋದು ನಾವು.

ಹಾಗಾಗಿ ಮೊದಲನೇ ಕೆಲಸ ಮಳೆ ಇಲ್ಲದಾಗ್ಲೇ ಆಗ್ಬೇಕು. ನಿಮ್ಮ ಏರಿಯಾಗಿಂತ ಮೇಲೆ ಯಾವ ಕೆರೆ ಇದೆ, ಅದು ಕೋಡಿ ಹರಿದ್ರೆ ನೀರು ಯಾವ ರಾಜಕಾಲುವೇಲಿ ಬರುತ್ತೆ ಅಂತ ತಿಳ್ಕೊಳಿ. ಸರ್ಕಾರದ ದಿಶಾಂಕ್ ಆ್ಯಪಲ್ಲಿ ಸರ್ವೆ ಮ್ಯಾಪ್ ಮೇಲೆ ಕೆರೆ, ಕಾಲುವೆ ಕಾಣ್ಸುತ್ತೆ, ಬಾಡಿಗೆ ಮನೆ ಹುಡುಕೋರೂ ಒಂದ್ಸಲ ನೋಡೋದು ಒಳ್ಳೇದು, ಬ್ರೋಕರ್ ಅಂತೂ ಬಾಯಿಬಿಡಲ್ಲ.

ಇನ್ನು ಅಲರ್ಟ್ ಓದೋದು. ಹವಾಮಾನ ಇಲಾಖೆ ಯೆಲ್ಲೋ ಕೊಟ್ರೆ ಗಮನ ಇಟ್ಟಿರಿ, ಆರೆಂಜ್ ಅಂದ್ರೆ ರೆಡಿಯಾಗಿ, ರೆಡ್ ಅಂದ್ರೆ ಕಾಯ್ತಾ ಕೂರ್ಬೇಡಿ. ದಿನಕ್ಕೆ 64.5 ಮಿ.ಮೀ. ಮುಟ್ಟಿದ್ರೆ ಭಾರಿ ಮಳೆ, 115.6 ದಾಟಿದ್ರೆ ಅತಿ ಭಾರಿ. 2022ರ ಸೆಪ್ಟೆಂಬರಲ್ಲಿ ಸರ್ಜಾಪುರ ರೋಡ್, ಯಮಲೂರು ಕಡೆ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ್ರಲ್ಲ, ಆಗ ಊರಲ್ಲಿ ಒಂದೇ ದಿನಕ್ಕೆ ಬಿದ್ದಿದ್ದು 131.6. ಆದ್ರೆ ಈ ಬಣ್ಣ ಇಡೀ ಜಿಲ್ಲೆಗೆ, ನಮ್ಮೂರಲ್ಲೋ ಯಲಹಂಕದಲ್ಲಿ ಸುರೀತಿದ್ರೆ ಜಯನಗರದಲ್ಲಿ ಬಿಸಿಲು. ಏರಿಯಾ ಲೆಕ್ಕದಲ್ಲಿ ಬೇಕಂದ್ರೆ ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದ ಮೇಘ ಸಂದೇಶ ಆ್ಯಪ್ ಹಾಕ್ಕೊಳಿ. ನಿಮ್ಮ ಬೀದೀಲಿ ಹನಿ ಇಲ್ದೇ ಇದ್ರೂ ಮೇಲಿನ ಕೆರೆ ಕಡೆ ಜೋರಾಗಿದ್ರೆ ಅದು ನಿಮ್ಮದೇ ಅಲರ್ಟ್ ಅಂದ್ಕೊಳಿ.

ಆರೆಂಜ್ ಬಂತಾ? ಬೇಸ್‌ಮೆಂಟಿಂದ ಗಾಡಿ ಈಗ್ಲೇ ತೆಗೀರಿ, ನೀರು ಬಂದ್ಮೇಲೆ ತೆಗೆಯೋಕೆ ಇಳೀಲೇಬೇಡಿ. ಮನೆ ಪತ್ರ, ಮಾತ್ರೆ, ಚಾರ್ಜರ್ ಒಂದು ಬ್ಯಾಗಲ್ಲಿ ಹಾಕಿ ಅಟ್ಟದ ಮೇಲಿಡಿ. ಕುಡಿಯೋ ನೀರು ತುಂಬಿಸ್ಕೊಳಿ, 2022ರಲ್ಲಿ ಊರಿಗೆ ಕಾವೇರಿ ನೀರು ಕಳ್ಸೋ ಟಿ.ಕೆ. ಹಳ್ಳಿ ಪಂಪ್‌ಹೌಸಿಗೇ ನೀರು ನುಗ್ಗಿ ಸಪ್ಲೈ ನಿಂತಿತ್ತು, ಸುತ್ತ ನೀರು ಆದ್ರೆ ನಲ್ಲೀಲಿ ಇಲ್ಲ. ಗ್ರೌಂಡ್ ಫ್ಲೋರಲ್ಲಿರೋರು ಬಾತ್‌ರೂಮ್ ಜಾಲರಿ ಮೇಲೆ ಕಣ್ಣಿಡಿ, ಮೋರಿ ತುಂಬಿದಾಗ ಎಷ್ಟೋ ಸಲ ಬಾಗಿಲಿಗಿಂತ ಮುಂಚೆ ಅಲ್ಲಿಂದ್ಲೇ ಗುಳುಗುಳು ಅಂತ ಕಪ್ಪು ನೀರು ಉಕ್ಕುತ್ತೆ. ಹಳೇ ಬಟ್ಟೆ ತುರುಕಿ, ಮೇಲೆ ಮರಳು ತುಂಬಿದ ಕವರ್ ಇಟ್ಟು ಭಾರ ಹಾಕಿ.

ನೀರಿಗಿಂತ ನನಗೆ ಹೆಚ್ಚು ಭಯ ಕರೆಂಟ್ ಬಗ್ಗೆ. 2025ರ ಮೇನಲ್ಲಿ ಬಿಟಿಎಂ ಲೇಔಟಿನ ಅಪಾರ್ಟ್‌ಮೆಂಟಲ್ಲಿ ಬೇಸ್‌ಮೆಂಟ್ ನೀರನ್ನ ಮೋಟರ್ ಹಾಕಿ ತೆಗೆಯೋಕೆ ಹೋಗಿ ಶಾಕ್ ಹೊಡೆದು ಇಬ್ಬರು ಹೋದ್ರು, ಒಬ್ಬ ಇನ್ನೂ ಹನ್ನೆರಡು ವರ್ಷದ ಹುಡುಗ. ನೆಲ ಒಣಗಿರೋವಾಗ್ಲೇ ಮೇನ್ ಸ್ವಿಚ್ ಆಫ್ ಮಾಡಿ, ಯುಪಿಎಸ್ ಕೂಡ, ಅದನ್ನ ಎಲ್ರೂ ಮರೀತಾರೆ. ಮೀಟರ್ ಬೋರ್ಡ್ ಹತ್ರ ನೀರು ನಿಂತಿದ್ರೆ ಮುಟ್ಬೇಡಿ, ಬೆಸ್ಕಾಂ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ಲೈನ್ ಕಟ್ ಮಾಡ್ಸಿ.

ಹೊರಗಡೆ ಇದ್ರೆ ಅಂಡರ್‌ಪಾಸ್ ಬೇಡವೇ ಬೇಡ. 2023ರಲ್ಲಿ ಕೆ.ಆರ್. ಸರ್ಕಲ್‌ನಲ್ಲಿ ಕಾರು ಸಿಕ್ಕಾಕೊಂಡು ಒಂದು ಹುಡುಗಿ ಜೀವ ಹೋಯ್ತು, ಅದೂ ವಿಧಾನಸೌಧದ ಪಕ್ಕದಲ್ಲೇ. ರಭಸವಾಗಿ ಹರಿಯೋ ನೀರು ಅರ್ಧ ಅಡಿ ಇದ್ರೂ ಮನುಷ್ಯ ಬೀಳ್ತಾನೆ, ಒಂದಡಿಗೆ ಸಣ್ಣ ಕಾರು ತೇಲೋಕೆ ಶುರು. ಸಿಕ್ಕಾಕೊಂಡ್ರೆ ತುರ್ತು ನಂಬರ್ 112ಕ್ಕೆ ಫೋನ್ ಮಾಡಿ.

ನೀರು ಇಳಿದ ಮೇಲೆ ಸಂಪ್ ಪೂರ್ತಿ ಖಾಲಿ ಮಾಡಿ ಬ್ಲೀಚಿಂಗ್ ಪೌಡರ್ ಹಾಕಿ ತೊಳೀರಿ. ಕಾಲಲ್ಲಿ ಗಾಯ ಇದ್ದು ಆ ನೀರಲ್ಲಿ ಓಡಾಡಿದ್ರೆ, ಆಮೇಲೆ ಜ್ವರ ಬಂದ್ರೆ ಡಾಕ್ಟರಿಗೆ ಅದನ್ನ ಹೇಳಿ, ಇಲಿಜ್ವರ ಇರಬಹುದು. ಮುಳುಗಿದ ಕಾರನ್ನ ನೋಡೋಣ ಅಂತ ಸ್ಟಾರ್ಟ್ ಮಾಡ್ಬೇಡಿ, ಎಂಜಿನ್ ಹೋಗುತ್ತೆ, ಇನ್ಶೂರೆನ್ಸ್‌ನವರು ಅದಕ್ಕೇ ತಕರಾರು ತೆಗೀತಾರೆ. ಫೋಟೋ ತೆಗೆದಿಟ್ಟು ಟೋ ಮಾಡ್ಸಿ.